ಮಶ್ದಿ ರಜಬನ ಗೋಡೆಯಾಚೆಯ ಗಿಡ

ಖೊರಾಸಾನಿನ ನಮ್ಮ ಕಾಯೆನ್ ಸೀಮೆಯಲ್ಲಿ ಯಾರಾದರೂ ಬುರುಡೆ ಬಿಟ್ಟರೆ ಕೇಳುವವರು ವಾದಕ್ಕೆ ಇಳಿಯುವುದಿಲ್ಲ. "ಜೆರೆಶ್ಕ್!" ಎಂದು ಒಂದೇ ಮಾತಿನಲ್ಲಿ ಗಾಳಿ ತೆಗೆದುಬಿಡುತ್ತಾರೆ. ಅದೇ ಜೆರೆಶ್ಕನ್ನು ಪಲಾವಿನ ಮೇಲೆ ಉದುರಿಸಿಕೊಂಡು ತಿನ್ನುತ್ತಾರೆ ಕೂಡ. ಮುಳ್ಳುಗಿಡದಲ್ಲಿ ಗೊಂಚಲಾಗಿ ಬಿಡುವ, ಕೆಂಪು ಹರಳಿನಂಥ, ಬಾಯಿಗಿಟ್ಟರೆ ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುವಷ್ಟು ಹುಳಿಯಾದ ಆ ಪುಟ್ಟ ಹಣ್ಣೇ ನಮ್ಮೂರಿನ ಬೆಳೆ, ನಮ್ಮೂರಿನ ಹೆಮ್ಮೆ, ನಮ್ಮೂರಿನ ಬೈಗುಳ. ನಾನೀಗ ಹೇಳುವುದು ನಿಜವಾಗಿ ನಡೆದದ್ದು. ಒಂದು ಮಾತನ್ನೂ ಸೇರಿಸಿಲ್ಲ, ಸೇರಿಸಿದ್ದರೂ ಉಪ್ಪಿನಷ್ಟು. ಆದ್ದರಿಂದ ಆ ಉದ್ಗಾರವನ್ನು ದಯವಿಟ್ಟು ಕೊನೆಯವರೆಗೆ ಬಾಯಲ್ಲೇ ಇಟ್ಟುಕೊಂಡಿರಿ. ಹುಳಿಯಾದರೆ ನುಂಗಿಕೊಳ್ಳಿ.

ರಜಬ್ ಅಲಿಯನ್ನು ನಾವೆಲ್ಲ ಮಶ್ದಿ ರಜಬ್ ಎನ್ನುತ್ತೇವೆ. ಮಶ್ಹದಿನ ದರ್ಗಾಕ್ಕೆ ಯಾತ್ರೆ ಹೋಗಿಬಂದವರಿಗೆ ಸಿಗುವ ಬಿರುದು ಅದು. ಅವನು ಬಸ್ಸಿನಲ್ಲಿ ನಿದ್ದೆಹೋಗಿ, ನಡುದಾರಿಯ ತುರ್ಬತ್ತಿನಲ್ಲೇ ಇಳಿದು, ಅಲ್ಲಿಯ ದೊಡ್ಡ ಮಸೀದಿಗೆ ಸಲಾಮು ಮಾಡಿ ಮರಳಿದ ಎಂಬುದು ಕರ್ಬಲಾ ಯಾತ್ರೆ ಮಾಡಿಬಂದ ಪಕ್ಕದ ಮನೆಯ ಕರ್ಬಲಾಯಿ ಜುಮಾನ ವಾದ. "ಅರ್ಧ ದಾರಿ ಹೋಗಿದಾನೆ, ಹಾಗಾಗಿ 'ಮಶ್' ಅಂದ್ರೆ ಸಾಕು, 'ದಿ' ಬೇಡ" ಎಂದು ಚಹಾದಂಗಡಿಯಲ್ಲಿ ತೀರ್ಪು ಕೊಟ್ಟವನೂ ಅವನೇ.

ಇಬ್ಬರ ಅಂಗಳಗಳ ನಡುವೆ ಒಂದು ಮಣ್ಣಿನ ಗೋಡೆ. ಗೋಡೆಯ ಈಚೆ ರಜಬನ ನಾಲ್ಕಾರು ಜೆರೆಶ್ಕ್ ಗಿಡಗಳು: ಜ್ವರದಿಂದ ಎದ್ದವರ ಹಾಗೆ ಬಡಕಲು, ಮುಳ್ಳು ಜಾಸ್ತಿ, ಹಣ್ಣು ನಾಚಿಕೆಗೆಂದು ಒಂದಿಷ್ಟು. ಗೋಡೆಯ ಆಚೆ ಜುಮಾನ ಒಂದೇ ಒಂದು ಗಿಡ. ಆದರೆ ಗಿಡ ಎಂದರೆ ಅದು. ಇಬ್ಬರು ಕೈ ಕೈ ಹಿಡಿದು ಸುತ್ತು ಬಂದರೂ ಸಿಕ್ಕದಷ್ಟು ಹರಡಿ, ಶರತ್ಕಾಲ ಬಂದರೆ ಎಲೆಗಿಂತ ಹಣ್ಣೇ ಹೆಚ್ಚಾಗಿ ಧಗಧಗ ಎನ್ನುತ್ತಿತ್ತು. ನಮ್ಮ ಜೆರೆಶ್ಕಿಗೆ ಬೀಜವಿಲ್ಲ. ಗಿಡ ಬೇಕೆಂದರೆ ಇನ್ನೊಬ್ಬರ ಗಿಡದ ಬುಡದಲ್ಲಿ ಎದ್ದ ಮರಿಯನ್ನು ಬೇರುಸಹಿತ ತಂದು ನೆಡಬೇಕು. ಊರಿನವರೆಲ್ಲ ಒಬ್ಬರಿಗೊಬ್ಬರು ಮರಿ ಕೊಟ್ಟುಕೊಳ್ಳುತ್ತಾರೆ, ಜುಮಾನೊಬ್ಬನನ್ನು ಬಿಟ್ಟು. ಮಿಠಾಯಿಯ ತಟ್ಟೆ ಹಿಡಿದು ಹೋಗಿ ಕೇಳಿದವರ ಮಿಠಾಯಿ ತಿಂದು, ತಟ್ಟೆ ತೊಳೆದು ಕೊಟ್ಟು, ಮರಿಗಳನ್ನು ಪ್ರತಿವರ್ಷ ಕಿತ್ತು ರೊಟ್ಟಿಯ ಒಲೆಗೆ ಹಾಕುತ್ತಿದ್ದ.

ಇಂಥ ಗೋಡೆಯ ಪಕ್ಕದ ಮನೆಗೆ ಒಂದು ಶರತ್ಕಾಲದ ಮಧ್ಯಾಹ್ನ ಬೀರ್ಜಂದಿನಿಂದ ಹಾಜಿ ಮೊಖ್ತಾರ್ ಎಂಬ ಜಮಖಾನೆ ವ್ಯಾಪಾರಿ, ಹೆಂಡತಿ ಮಲಿಹೆ ಖಾನುಮ್ ಜತೆಗೆ ಮಗನಿಗೆ ಹೆಣ್ಣು ನೋಡಲು ಬಂದರು. ರಜಬನಿಗೆ ಒಬ್ಬಳೇ ಮಗಳು, ಮಾಹ್ರುಖ್. ಬೀರ್ಜಂದಿನ ಸಂಬಂಧ! ಸುದ್ದಿ ಬಂದ ದಿನದಿಂದ ರಜಬನಿಗೆ ಮನೆಯಲ್ಲಿ ಎತ್ತ ನೋಡಿದರೂ ಇಲ್ಲದ್ದೇ ಕಾಣುತ್ತಿತ್ತು. ಜಮಖಾನೆ ವ್ಯಾಪಾರಿಗೆ ತೋರಿಸಲು ಮನೆಯ ಜಮಖಾನೆ ಆಗದು, ಅದರಲ್ಲಿ ಹೂವಿಗಿಂತ ತೂತು ಜಾಸ್ತಿ. ತೋರಿಸಲು ಏನೂ ಇಲ್ಲದವನು ಏನು ಮಾಡುತ್ತಾನೆ? ಮಾಳಿಗೆಗೆ ಕರೆದುಕೊಂಡು ಹೋಗಿ ಆಕಾಶ ತೋರಿಸುತ್ತಾನೆ.

ಮಾಳಿಗೆಯ ಮೇಲೆ ಚಹಾದ ಲೋಟ ಹಿಡಿದು ನಿಂತ ಹಾಜಿ ಆಕಾಶ ನೋಡಲಿಲ್ಲ. ಕೆಳಗೆ ನೋಡಿದರು.

"ಅಬ್ಬಬ್ಬಾ! ಅದ್ಯಾರ ಗಿಡ ಮಶ್ದಿ? ಬೆಂಕಿ ಹತ್ಕೊಂಡ ಹಾಗಿದೆಯಲ್ಲ!"

'ಪಕ್ಕದವರದ್ದು' ಎಂಬುದು ಬಹಳ ಸುಲಭವಾದ ಮಾತು. ಮಕ್ಕಳೂ ಹೇಳಬಲ್ಲವು. ಆದರೆ ರಜಬನ ಬಾಯಲ್ಲಿ ಚಹಾ ಹೀರಲು ಇಟ್ಟುಕೊಂಡ ಸಕ್ಕರೆ ತುಂಡು ಇತ್ತು, ಮನಸ್ಸಿನಲ್ಲಿ ತೂತಿನ ಜಮಖಾನೆ ಇತ್ತು. ಎರಡೂ ಸೇರಿ ಹೊರಗೆ ಬಂದದ್ದು: "ನಮ್ಮದೇ."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ತಾತನ ಕಾಲದ್ದು. ನಾನು ಕೈಯೂ ಹಚ್ಚಲ್ಲ, ಆಳುಗಳು ನೋಡ್ಕೋತಾರೆ" ಎಂದು ಸೇರಿಸಿದ.

ಆಗ ಗಿಡ ಅಲುಗಾಡಿತು. ಅದರ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಕರ್ಬಲಾಯಿ ಜುಮಾ ಟೋಪಿಯ ತುಂಬ ಎಲೆ ಅಂಟಿಸಿಕೊಂಡು ಎದ್ದು ನಿಂತ. ಜುಮಾ ಮೇಲೆ ನೋಡಿದ. ರಜಬನನ್ನು ನೋಡಿದ. ಅತಿಥಿಗಳನ್ನು ನೋಡಿದ. ಆಮೇಲೆ ಎದೆಯ ಮೇಲೆ ಕೈಯಿಟ್ಟು, ಸೊಂಟ ಬಗ್ಗಿಸಿ, ಮದುವೆಮನೆಯ ಗಾಯಕನ ಹಾಗೆ ರಾಗ ಎಳೆದು ಹೇಳಿದ:

"ಹೌದು ಹಾಜಿಯೋರೆ, ಗಿಡ ಮಶ್ದಿಯವರದ್ದೇ. ಗೋಡೆ ಮಾತ್ರ ತಪ್ಪಾದ ಜಾಗದಲ್ಲಿದೆ. ನಾನು ಅವರ ಆಳು." ರಜಬನ ಕಡೆಗೆ ತಿರುಗಿ, ಯಜಮಾನರಿಗೆ ಹೇಳುವ 'ಆಗಾ' ಸೇರಿಸಿ, "ತಮ್ಮದೇ ಮಶ್ದಿ ಆಗಾ. ಗಿಡ ತಮ್ಮದೇ, ತಮ್ಮ ಪಾದಕ್ಕೆ ಅರ್ಪಣೆ."

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಯಾರಾದರೂ ನಿಮ್ಮ ವಸ್ತುವಿನ ಮೇಲೆ ಕಣ್ಣು ಹಾಯಿಸಿದರೆ ನೀವು 'ತಮ್ಮದೇ, ತಗೊಳ್ಳಿ' ಎನ್ನಬೇಕು. ಅವರು 'ಛೆ ಛೆ, ನಿಮಗೇ ಒಪ್ಪುತ್ತೆ' ಎನ್ನಬೇಕು. ವಸ್ತು ಇದ್ದಲ್ಲೇ ಇರಬೇಕು. ಇದಕ್ಕೆ ತಾರೋಫ್ ಎನ್ನುತ್ತಾರೆ. ತೊಟ್ಟಿಲ ಮಗುವಿಗೂ ಗೊತ್ತು: 'ತಮ್ಮದೇ' ಎಂದರೆ 'ಮುಟ್ಟಬೇಡ' ಎಂದರ್ಥ. ಆದರೆ 'ಛೆ ಛೆ, ನಿಮ್ಮದೇ' ಎಂದರೆ ಹಾಜಿಯ ಎದುರು ಗುಟ್ಟು ರಟ್ಟಾಗುತ್ತದೆ. ರಜಬ್ ಬೆವರಿದ, ಉಗುಳು ನುಂಗಿದ, ಸಕ್ಕರೆಯನ್ನೂ ನುಂಗಿದ. ಕೊನೆಗೆ ಖೊರಾಸಾನಿನ ಇತಿಹಾಸದಲ್ಲಿ ಯಾರೂ ಆಡದ ಮಾತೊಂದನ್ನು ಆಡಿದ:

"ಇರಲಿ ಇರಲಿ."

ಜುಮಾನ ಹುಬ್ಬು ಟೋಪಿಯ ಒಳಗೆ ಹೋಯಿತು.

"ಹಾಗಾದ್ರೆ ಇನ್ನೇನು!" ಎಂದರು ಹಾಜಿ. "ಬರೋ ವರ್ಷ ಇದೇ ಕಾಲಕ್ಕೆ ಮದುವೆ ಇಟ್ಕೊಳೋಣ. ಆದ್ರೆ ಒಂದೇ ಷರತ್ತು. ಮದುವೆ ಪಲಾವಿಗೆ ಈ ಗಿಡದ ಜೆರೆಶ್ಕೇ ಆಗ್ಬೇಕು. ಬೇರೆ ಗಿಡದ್ದು ನಾನು ಮೂಸಲ್ಲ."

ಇಳಿಯುವಾಗ ಮೆಟ್ಟಿಲಲ್ಲಿ ಮಾಹ್ರುಖ್ ಖಾಲಿ ಲೋಟಗಳಿಗೆ ತಟ್ಟೆ ಹಿಡಿದು ನಿಂತಿದ್ದಳು. ಹಾಜಿ ಅವಳನ್ನು ಮೆಲ್ಲಗೆ ಏನೋ ಕೇಳಿದರು, ಅವಳು ಏನೋ ಹೇಳಿದಳು, ಹಾಜಿಗೆ ಜೋರಾಗಿ ಕೆಮ್ಮು ಬಂತು. ಚಹಾ ನೆತ್ತಿಗೇರಿತು ಎಂದುಕೊಂಡ ರಜಬ್.

ಮಾರನೆಯ ಬೆಳಿಗ್ಗೆ ಗೋಡೆಯ ಮೇಲೆ ಜುಮಾನ ಮುಖ ಮೂಡಿತು. ನಿನ್ನೆಯವರೆಗೆ 'ಏನೋ ರಜಬಾ' ಎನ್ನುತ್ತಿದ್ದ ಬಾಯಿ ಅದೇ.

"ಮಶ್ದಿ ಆಗಾ, ತಮ್ಮ ನೆಮ್ಮದಿ ಕೆಡಿಸ್ದೆ, ಕ್ಷಮಿಸ್ಬೇಕು. ತಮ್ಮ ಗಿಡದ ಹಣ್ಣು ಬಲಿತಿದೆ. ಕೀಳೋಕೆ ಯಾವಾಗ ದಯಮಾಡಿಸ್ತೀರಿ?"

"ಜುಮಾ, ತಮಾಷೆ ಸಾಕು ಮಾರಾಯಾ. ನೆನ್ನೆ ಏನೋ ಬಾಯಿ ಜಾರ್ತು. ಗಿಡ ನಿಂದೇ."

"ಅಯ್ಯಯ್ಯೋ! ಎಂಥಾ ಮಾತು! ತಮ್ಮದನ್ನ ನನ್ನದು ಅಂದ್ಕೊಂಡ್ರೆ ನನ್ನ ನಾಲಿಗೆಗೆ ಹುಳ ಬೀಳಲ್ವೇ? ಹಾಜಿಯೋರು ರಾತ್ರಿ ಫೋನ್ ಮಾಡಿದ್ರು, ಗಿಡ ಹೇಗಿದೆ ಅಂತ. ಮಶ್ದಿಯವರು ನಾಳೆ ಕೀಳಿಸ್ತಾರೆ ಅಂದೆ. ಮತ್ತೆ ಮಾಡಿದ್ರೆ ಏನನ್ಲಿ?"

ಅದು ಹೆದರಿಕೆಯಲ್ಲ, ಸ್ವಚ್ಛವಾದ ವಿನಯ. ವಿನಯದಿಂದ ಕತ್ತು ಹಿಸುಕಿದರೆ ಕೂಗುವುದಾದರೂ ಹೇಗೆ? ರಜಬ್ ತೊಗಲಿನ ಕೈಗವಸು ಹಾಕಿಕೊಂಡು ಗೋಡೆ ದಾಟಿದ. ಆ ಗಿಡದ ಮುಳ್ಳು ಒಂದೊಂದು ಕಡೆ ಮೂರು ಮೂರಾಗಿ ನಿಂತಿರುತ್ತದೆ, ಒಂದರಿಂದ ತಪ್ಪಿಸಿಕೊಂಡರೆ ಉಳಿದೆರಡು ವಿಚಾರಿಸಿಕೊಳ್ಳುತ್ತವೆ. ಗೊಂಚಲುಗಳನ್ನು ರೆಂಬೆಸಹಿತ ಕತ್ತರಿಸಿ, ಹೊತ್ತು, ಜುಮಾನ ಕೊಟ್ಟಿಗೆಯಲ್ಲಿ ನೆರಳಿಗೆ ತೂಗುಹಾಕಿ ಮುಗಿಸುವಷ್ಟರಲ್ಲಿ ರಜಬನ ಮೈಮೇಲೆ ಹಣ್ಣಿಗಿಂತ ಹೆಚ್ಚು ಕೆಂಪು ಚುಕ್ಕೆಗಳಿದ್ದವು. ಜುಮಾ ನೆರಳಲ್ಲಿ ಕೂತು, "ಆ ಕಡೆ ಒಂದು ಗೊಂಚಲು ತಮ್ಮನ್ನೇ ಕಾಯ್ತಿದೆ ಆಗಾ" ಎಂದು ದಾರಿ ತೋರಿಸುತ್ತಿದ್ದ.

"ಹಣ್ಣು ಒಣಗಿದ ಮೇಲೆ ಮನೆಗೆ ತಗೊಂಡು ಹೋಗ್ಲಾ?" ಎಂದು ರಜಬ್ ಕೇಳಿದ.

"ತಮ್ಮದೇ ಅಲ್ವೇ? ಆದ್ರೆ ಆಳುಗಳು ನೋಡ್ಕೋತಾರೆ ಅಂತ ತಾವೇ ಅಪ್ಪಣೆ ಕೊಡಿಸಿದ್ರಿ. ಆಳು ಅಂದ್ರೆ ನಾನು. ಈ ವರ್ಷದ ಹಣ್ಣು ಕೂಲಿ ಅಂತ ಇಟ್ಕೋತೀನಿ. ಆಳಿನ ಹೊಟ್ಟೆ ಮೇಲೆ ಹೊಡೀಬಾರ್ದು."

ಹೀಗೆ ಕೆಲಸ ಮಾಡುವವನು ಯಜಮಾನನಾಗಿಯೂ, ಕೂತು ತಿನ್ನುವವನು ಆಳಾಗಿಯೂ ಒಂದು ಹೊಸ ಸಮಾಜ ನಮ್ಮ ಬೀದಿಯಲ್ಲಿ ಸ್ಥಾಪನೆಯಾಯಿತು. ನೆಲದಡಿಯ ಕಾಲುವೆಯ ನೀರಿನ ಸರದಿ ಬಂದರೆ "ತಮ್ಮ ಗಿಡಕ್ಕೆ ಬಾಯಾರಿದೆ ಆಗಾ" ಎಂಬ ಕೂಗು. ಜುಮಾನದೇ ಮೇಕೆ ಗಿಡಕ್ಕೆ ಬಾಯಿ ಹಾಕಿದರೆ "ತಮ್ಮ ಗಿಡ ನಮ್ಮ ಬಡ ಮೇಕೆಯ ಮೂಗು ಚುಚ್ಚಿದೆ ಆಗಾ" ಎಂಬ ದೂರು. ರಜಬ್ ಹೋಗಿ ಮೇಕೆಯ ಮೂಗಿಗೆ ಎಣ್ಣೆ ಹಚ್ಚಿ ಬಂದ. ಕೃಷಿ ಇಲಾಖೆಯ ಸಾಹೇಬರು ಊರಿಗೆ ಬಂದಾಗ ಜುಮಾ ಅವರನ್ನು ಕೈಹಿಡಿದು ಕರೆತಂದು, "ಇದು ಮಶ್ದಿಯವರ ಗಿಡ ಸಾರ್, ಸೀಮೆಗೇ ಹೆಸರು" ಎಂದ. ಸಾಹೇಬರು ಮೆಚ್ಚಿ, 'ಮಾದರಿ ಜೆರೆಶ್ಕ್, ಬೆಳೆಗಾರ ರಜಬ್ ಅಲಿ' ಎಂಬ ತಗಡಿನ ಫಲಕ ಕಳಿಸಿಕೊಟ್ಟರು. ಜುಮಾನೇ ತನ್ನ ಅಂಗಳದಲ್ಲಿ ಗೂಟ ಹೊಡೆದು ಅದನ್ನು ನಿಲ್ಲಿಸಿ, ದಾರಿಹೋಕರನ್ನು ಕರೆದು ಓದಿಸಿದ.

"ಒಂದು 'ಬೇಡ' ಅನ್ನೋಕೆ ಏನು ಬಂದಿತ್ತು ನಿಮಗೆ?" ಎಂದಳು ಹೆಂಡತಿ ತೂಬಾ, ಗಂಡನ ಬೆನ್ನಿನ ಮುಳ್ಳು ಕೀಳುತ್ತಾ. "ಹಾಜಿಗೆ ನಿಜ ಹೇಳಿಬಿಡಿ ಅತ್ಲಾಗೆ."

"ಹೇಳೋದು ಸುಲಭ ಕಣೇ. ಸುಳ್ಳನ ಮನೆ ಹೆಣ್ಣು ಅಂತ ಸಂಬಂಧ ಮುರ್ಕೊಂಡು ಹೋದ್ರೆ? ಮಾಹ್ರುಖ್ ಆ ಹುಡುಗನ ಹೆಸರು ಕೇಳಿದ್ರೆ ರೊಟ್ಟಿ ಸೀಸಿಬಿಡ್ತಾಳೆ, ನೋಡಿಲ್ವಾ? ನನ್ನ ಚರ್ಮ ಹೋದ್ರೂ ಹೋಗ್ಲಿ, ಆ ಗಿಡದ ಹಣ್ಣು ಮದುವೆಗೆ ಬರ್ಬೇಕು."

ತೂಬಾ ತಟ್ಟನೆ ಎದ್ದು ಅಡುಗೆಮನೆಗೆ ಹೋದಳು. ಬಾಗಿಲ ಸಂದಿಯಿಂದ ಅವಳ ಭುಜಗಳು ಕುಲುಕಾಡುವುದು ಕಾಣಿಸಿತು. ಪಾಪ, ಅಳುತ್ತಿದ್ದಾಳೆ ಎಂದುಕೊಂಡ ರಜಬ್. ಒಳಗಿನಿಂದ ಮಾಹ್ರುಖಳೂ ಅಳುವ ಸದ್ದು ಕೇಳಿಸಿತು. ತಾಯಿ ಮಗಳಿಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು.

ಚಳಿ ಕಳೆದು ಗಿಡದ ಬುಡದಲ್ಲಿ ಮರಿಗಳೆದ್ದವು. ಗೋಡೆಯ ಮೇಲೆ ಮುಖ ಮೂಡಿತು.

"ತಮ್ಮ ಗಿಡಕ್ಕೆ ಮರಿಗಳಾಗಿವೆ ಆಗಾ, ಮುಬಾರಕ್. ಅಗೆದು ತೆಗೀದೆ ಇದ್ರೆ ತಾಯಿ ಸೊರಗ್ತಾಳೆ."

"ಮರಿಗಳನ್ನ ಏನು ಮಾಡ್ಲಿ?"

"ನನ್ನನ್ನ ಕೇಳ್ತೀರಾ? ಗಿಡ ತಮ್ಮದು, ಮರಿ ತಮ್ಮದು, ತಮ್ಮಿಷ್ಟ." ಹೀಗೆಂದು ಜುಮಾ ಬಿಸಿಲಿಗೆ ಹಾಸಿಗೆ ಹಾಕಿ ಮಲಗಿದ. ಎದ್ದು ನೋಡುವಾಗ ಗಿಡದ ಬುಡ ಮದುಮಗನ ಗಲ್ಲದ ಹಾಗೆ ನುಣ್ಣಗಿತ್ತು. "ಎಲ್ಲಿ ಹೋದ್ವು ಆಗಾ?"

"ಒಲೆ ಕಡೆ ಹೋದ್ವು," ಎಂದ ರಜಬ್, ಬೆವರು ಒರೆಸಿಕೊಳ್ಳುತ್ತಾ. ಜುಮಾನಿಗೆ ಪರಮ ಸಂತೋಷವಾಯಿತು. ಇಷ್ಟು ವರ್ಷ ತಾನೇ ಬೆನ್ನು ಮುರಿದುಕೊಂಡು ಮಾಡುತ್ತಿದ್ದ ಕೆಲಸ!

ಜೆರೆಶ್ಕಿನ ಬೇರಿನ ಒಳಗೆಲ್ಲ ಅಪ್ಪಟ ಹಳದಿ. ಹೆಂಗಸರು ಅದರಲ್ಲಿ ಉಣ್ಣೆಗೆ ಬಣ್ಣ ಹಾಕುತ್ತಾರೆ. ಹರಿದ ಕೈಗವಸಿನಲ್ಲಿ ದಿನವಿಡೀ ಬೇರು ಕಿತ್ತ ರಜಬನ ಎರಡೂ ಕೈ ಮೊಣಕೈವರೆಗೆ ಕೇಸರಿ ಅನ್ನದ ಹಾಗಾದವು. ಸಾಬೂನು ಸೋತಿತು, ಬೂದಿ ಸೋತಿತು. ಸರಿಯಾಗಿ ಅದೇ ಹೊತ್ತಿಗೆ ನೌರೋಜ್ ಬಂತು, ಹಬ್ಬದ ಉಡುಗೊರೆ ಹೊತ್ತು ಬೀಗರೂ ಬಂದರು.

"ಅಯ್ಯೋ ದೇವರೇ!" ಎಂದು ಮಲಿಹೆ ಖಾನುಮ್ ಬಾಗಿಲಲ್ಲೇ ಕಿರುಚಿದರು. "ಮಶ್ದಿ, ಏನಿದು ಕೈ? ಕಾಮಾಲೆ!"

ಬೇರು ಕಿತ್ತೆ ಎಂದರೆ ಮುಗಿಯುತ್ತಿತ್ತು. ಆದರೆ ಕೈಯೂ ಹಚ್ಚದ ಯಜಮಾನ ಬೇರು ಯಾಕೆ ಕಿತ್ತ? ಆಳುಗಳೆಲ್ಲಿ? ರಜಬ್ ಒಂದು ಕ್ಷಣ ಯೋಚಿಸಿದ. ಸತ್ಯಕ್ಕಿಂತ ಕಾಯಿಲೆಯೇ ವಾಸಿ ಎನಿಸಿತು.

"ಹೌದು ಖಾನುಮ್," ಎಂದು ಗೋಡೆಗೆ ಒರಗಿದ. "ಸ್ವಲ್ಪ ಕಾಮಾಲೆ."

ಆರೋಗ್ಯ ಕೇಂದ್ರದಿಂದ ಹೊಸ ಡಾಕ್ಟರಮ್ಮನನ್ನು ಕರೆಸಿದರು. ಆಕೆ ಮಳೆಯ ಸೀಮೆ ರಶ್ತಿನವಳು, ಜೆರೆಶ್ಕನ್ನು ಪಲಾವಿನ ಮೇಲೆ ಬಿಟ್ಟು ಬೇರೆಲ್ಲೂ ಕಂಡವಳಲ್ಲ. ರಜಬನ ರೆಪ್ಪೆ ಎಳೆದು ನೋಡಿದಳು, ನಾಲಿಗೆ ಚಾಚಿಸಿದಳು, ಮತ್ತೆ ಕೈ ನೋಡಿದಳು.

"ಕಣ್ಣು ಬೆಳ್ಳಗಿದೆ, ನಾಲಿಗೆ ಸರಿಯಾಗಿದೆ. ಕೈಗೆ ಮಾತ್ರ ಕಾಮಾಲೆ ಬರುತ್ತಾ? ಅದೂ ಮೊಣಕೈಗೆ ಗೆರೆ ಎಳೆದ ಹಾಗೆ ನಿಲ್ಲುತ್ತಾ?"

"ನಂಗೆ ಎಲ್ಲಾ ಹಾಗೇ ಡಾಕ್ಟರಮ್ಮ. ಪೂರ್ತಿ ಯಾವುದೂ ಬರಲ್ಲ."

ಆಕೆ ತಲೆ ಕೊಡವಿ, ರಕ್ತ ಪರೀಕ್ಷೆಗೆ ಬರೆದು, ಅಲ್ಲಿಯವರೆಗೆ ಎಣ್ಣೆ, ಬೆಣ್ಣೆ, ಮಾಂಸ ಮುಟ್ಟಕೂಡದು ಎಂದು ಹೇಳಿ ಹೋದಳು. ಹಬ್ಬದ ಊಟಕ್ಕೆ ಎಲ್ಲರೂ ಸುತ್ತ ಕೂತರು. ಸಬ್ಬಸಿಗೆ ಸೊಪ್ಪಿನ ಪಲಾವು, ಹುರಿದ ಮೀನು, ತುಪ್ಪದಲ್ಲಿ ಮುಳುಗಿದ ಕುರಿಮಾಂಸ. ರಜಬನ ಮುಂದೆ ಒಂದು ಬಟ್ಟಲು ಗಂಜಿ. ಊರಿನಲ್ಲಿ ಕಾಮಾಲೆಗೆ ಜೆರೆಶ್ಕಿನ ರಸವೇ ಮದ್ದು ಎಂಬ ನಂಬಿಕೆ. ಬೀದಿಯವರೆಲ್ಲ ಒಂದೊಂದು ಲೋಟ ಹಿಡಿದು ನೋಡಲು ಬಂದರು. ಕುಡಿದು ಕುಡಿದು ರಜಬನ ಎರಡು ಕಣ್ಣೂ ಒಟ್ಟಿಗೆ ಮುಚ್ಚಿಕೊಂಡವು. ಕೊನೆಗೆ ಜುಮಾ ಬಂದ. ಕೈಯಲ್ಲಿ ಹಬೆಯಾಡುವ ಕಪ್ಪು ಕಷಾಯ.

"ಹಣ್ಣಿನ ರಸ ಸಾಲ್ದು ಖಾನುಮ್, ಬೇರಿನ ಕಷಾಯವೇ ಆಗ್ಬೇಕು. ಕಹಿ ಅಂದ್ರೆ ಕಹಿ, ಬೇವು ಇದರ ಮುಂದೆ ಜೇನು. ಬೇರು ಅವರದ್ದೇ ಗಿಡದ್ದು, ಹಾಗಾಗಿ ಬೇಗ ಹಿಡಿಯುತ್ತೆ. ಬಾಯಿ ತೆರೀರಿ ಆಗಾ. ನನ್ನ ಮೇಲಾಣೆ, ತಮ್ಮ ನೋವು ನನಗೆ ಬರ್ಲಿ."

"ನಿಂಗೇ ಬರ್ಲಿ," ಎಂದು ರಜಬ್ ಮನಸಾರೆ ಹೇಳಿ ನುಂಗಿದ. ಹಾಜಿಗೆ ಮತ್ತೆ ಕೆಮ್ಮು ಬಂತು. ಈ ಮನುಷ್ಯನಿಗೆ ಎದೆಯ ತೊಂದರೆ ಇದೆ, ಮದುವೆಯವರೆಗೆ ಬಾಳಿದರೆ ಸಾಕು ಎಂದು ರಜಬ್ ಆ ಸ್ಥಿತಿಯಲ್ಲೂ ಮರುಗಿದ.

ಬೇಸಿಗೆ ಕಳೆಯಿತು. ಗಿಡ ಮತ್ತೆ ಕೆಂಪಾಯಿತು, ಹಿಂದಿನ ವರ್ಷಕ್ಕಿಂತ ಹೆಚ್ಚಾಗಿ. ಆಗದೆ ಏನು, ಒಬ್ಬ ಮನುಷ್ಯನ ಬೆವರು ಪೂರ್ತಿ ಅದರ ಬುಡಕ್ಕೇ ಬಿದ್ದಿತ್ತು. ಮೈನಾಗಳು ಮೋಡದ ಹಾಗೆ ಇಳಿದಾಗ ರಜಬ್ ಎಣ್ಣೆಡಬ್ಬ ಬಡಿಯುತ್ತಾ ಗಿಡದ ಸುತ್ತ ಓಡಿದ. ಬೆದರುಬೊಂಬೆ ನಿಲ್ಲಿಸೋಣವೆಂದರೆ, "ಬೊಂಬೆ ಯಾಕೆ ಆಗಾ, ತಾವೇ ಇದೀರಲ್ಲ" ಎಂದ ಜುಮಾ. ಈ ಸಲ ಹಣ್ಣು ಕಿತ್ತು ಒಣಗಿಸಿದ ಮೇಲೆ, ಮದುವೆಯ ಪಾತ್ರೆಗೆ ಬೇಕಾದಷ್ಟನ್ನು ಅವನು ತಾನೇ ಚೀಲ ಕಟ್ಟಿ ತಂದುಕೊಟ್ಟ. ಕೊಡುವಾಗಲೂ ಎದೆಯ ಮೇಲೆ ಕೈ. ರಜಬ್ ಚೀಲವನ್ನು ಮಗುವಿನ ಹಾಗೆ ಅವಚಿಕೊಂಡು ಮನೆಗೆ ಬಂದ. ಇನ್ನು ನಿಖಾ ಒಂದು ಮುಗಿದರೆ ಗೆದ್ದೆ!

ನಿಖಾದ ದಿನ ಮನೆಯ ಹಿಂದಿನ ಕೋಣೆಯಲ್ಲಿ ಕನ್ನಡಿಯ ಎದುರು ವಧೂವರರನ್ನು ಕೂರಿಸಿದರು. ಅವರ ಸುತ್ತ ಹೆಂಗಸರು. ಬಾಗಿಲಿಗೆ ಪರದೆ, ಪರದೆಯ ಈಚೆ ಗಂಡಸರು. ರಜಬ್ ಹೊಸ ಕೋಟು ತೊಟ್ಟು ಹಾಜಿಯ ಪಕ್ಕ ಕೂತಿದ್ದ. ಅಂಗಳದಿಂದ ತುಪ್ಪದಲ್ಲಿ ಬಾಡಿಸಿದ ಜೆರೆಶ್ಕಿನ ಪರಿಮಳ ಬರುತ್ತಿತ್ತು. ಮುಲ್ಲಾ ಗಂಟಲು ಸರಿಮಾಡಿಕೊಂಡು ಮೊದಲ ಸಲ ಕೇಳಿದರು: "ಮಗಳೇ ಮಾಹ್ರುಖ್, ನಿನ್ನ ಪರವಾಗಿ ಈ ನಿಖಾ ಓದಲು ಒಪ್ಪಿಗೆಯೇ?"

ವಧು ಮೊದಲ ಸಲಕ್ಕೇ 'ಹೂಂ' ಎನ್ನುವಂತಿಲ್ಲ. ಹೆಂಗಸರು ಅವಳ ಪರವಾಗಿ 'ವಧು ಹೂ ಕೀಳೋಕೆ ಹೋಗಿದಾಳೆ' ಎನ್ನುವುದು ಎಲ್ಲ ಕಡೆಯ ವಾಡಿಕೆ. ಪರದೆಯ ಹಿಂದಿನಿಂದ ವರನ ತಾಯಿ ಮಲಿಹೆ ಖಾನುಮ್ ದನಿ ಎತ್ತಿದರು:

"ವಧು ಜೆರೆಶ್ಕ್ ಕೀಳೋಕೆ ಹೋಗಿದಾಳೆ!"

ಗಂಡಸರ ಸಾಲಿನ ಕೊನೆಯಿಂದ ಜುಮಾ ರಾಗವಾಗಿ ಕೇಳಿದ: "ಯಾರ ಗಿಡದ್ದೂ?"

ಆಮೇಲೆ ಪರದೆಯ ಆಚೆ ಈಚೆ, ಅಂಗಳದ ಅಡುಗೆಯವರು, ಬೀದಿಯವರು, ಬೀರ್ಜಂದಿನ ಬಸ್ಸಿನಲ್ಲಿ ಬಂದವರು ಎಲ್ಲರೂ ಒಂದೇ ಗಂಟಲಾಗಿ: "ಜುಮಾನ ಗಿಡದ್ದೂ!"

ರಜಬನ ಮುಖ ಮೊದಲು ಜೆರೆಶ್ಕ್ ಹಣ್ಣಿನ ಬಣ್ಣಕ್ಕೆ, ಆಮೇಲೆ ಅದರ ಬೇರಿನ ಬಣ್ಣಕ್ಕೆ ತಿರುಗಿತು. "ಹಾಜಿಯೋರೆ... ನಾನು... ಮಗಳದ್ದೇನೂ ತಪ್ಪಿಲ್ಲ, ಅವತ್ತು ಆ ಸಕ್ಕರೆ ತುಂಡು..."

ಹಾಜಿ ಅವನ ಮೊಣಕಾಲಿನ ಮೇಲೆ ಕೈಯಿಟ್ಟರು. "ಕೂತ್ಕೊಳ್ಳಿ ಮಶ್ದಿ. ಅವತ್ತು ಇಳೀವಾಗ ಮೆಟ್ಟಿಲಲ್ಲಿ ನಿಮ್ಮ ಮಗಳನ್ನ ಕೇಳ್ದೆ, ಆ ಗಿಡ ನಿಮ್ಮದೇನಮ್ಮಾ ಅಂತ. ಏನಂದ್ಲು ಗೊತ್ತಾ? 'ಗಿಡ ಜುಮಾ ಚಿಕ್ಕಪ್ಪಂದು. ಅಪ್ಪನ ಹತ್ರ ತೋರ್ಸೋಕೆ ಇರೋದು ನಾನೊಬ್ಳೇ. ಅದು ಸಾಲಲ್ವೇನೋ ಅಂತ ಅವ್ರಿಗೆ ಭಯ' ಅಂದ್ಲು. ಗಿಡ ಯಾರದ್ದಾದ್ರೂ ಆಗ್ಲಿ, ಹುಡುಗಿ ನಮ್ಮೋಳು ಅಂತ ಅಲ್ಲೇ ತೀರ್ಮಾನ ಮಾಡ್ದೆ. ಆಮೇಲಿಂದು ಜುಮಾನ ಕಿತಾಪತಿ. ಹೇಳಿಬಿಡೋಣ ಅಂತಿದ್ದೆ, ಆದ್ರೆ ಆ ಕಷಾಯ ಕುಡಿಯೋದು ನೋಡಿದ ಮೇಲೆ ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ."

"ಅಂದ್ರೆ... ಆ ಕೆಮ್ಮು?"

"ಕೆಮ್ಮಲ್ಲ ಅದು."

ರಜಬ್ ಹೆಂಡತಿಯ ಕುಲುಕಾಡಿದ ಭುಜಗಳನ್ನು ನೆನೆದ. ತಗಡಿನ ಫಲಕ ನೆನೆದ. ಮೇಕೆಯ ಮೂಗು ನೆನೆದ. ಎಲ್ಲರೂ ಅವನನ್ನೇ ನೋಡುತ್ತಿದ್ದರು: ಈಗ ಅಳುತ್ತಾನೋ, ಜುಮಾನ ಟೋಪಿ ಕಿತ್ತೆಸೆಯುತ್ತಾನೋ? ಅವನ ಹೊಟ್ಟೆ ಒಮ್ಮೆ ಹಾರಿತು. ಮತ್ತೊಮ್ಮೆ ಹಾರಿತು. ಮೂಗಿನಿಂದ ಒಂದು ಸದ್ದು ಬಂತು. ನೋಡಿದರೆ ಆಸಾಮಿ ನಗುತ್ತಿದ್ದಾನೆ. ಸಣ್ಣಗಲ್ಲ, ಹೊಸ ಕೋಟಿನ ಗುಂಡಿ ಹಾರುವ ಹಾಗೆ.

ತಮಾಷೆ ಮಾಡಿದವನಿಗೆ ಇದು ಸಹಿಸಲಾಗದ ಸಂಗತಿ. ಜುಮಾ ವಿನಯವನ್ನೆಲ್ಲ ಮರೆತು ಒಂದು ವರ್ಷದ ಹಿಂದಿನ ಬಾಯಿಗೆ ಮರಳಿದ. "ಏನೋ ರಜಬಾ? ಆಟಕ್ಕೆ ಸಿಕ್ಕಿದೋನು ನೀನು. ನಿಂಗ್ಯಾಕೋ ನಗು?"

ರಜಬ್ ಮಾತಾಡಲಾರದೆ, ಮಗಳು ಕೂತ ಕೋಣೆಯ ಕಡೆಗೆ ಕೈ ಮಾಡಿ, "ತೂಬಾ, ಆ ಕಿಟಕಿ ತೆಗಿ" ಎಂದ. ಹೆಂಗಸರು ಪರದೆ ಸರಿಸಿದರು, ತೂಬಾ ಕಿಟಕಿ ತೆರೆದಳು. ಹಿತ್ತಿಲಲ್ಲಿ ರೊಟ್ಟಿಯ ಒಲೆ. ಒಲೆಯ ಹಿಂದೆ ಒಂದು ಜೊಂಡಿನ ತಟ್ಟಿ, ಚಳಿ ಕಳೆದಾಗಿನಿಂದಲೂ ಅಲ್ಲೇ ಒರಗಿತ್ತು. ರಜಬ್ ಹಿತ್ತಿಲಿಗೆ ಹೋಗಿ ಅದನ್ನು ಒದ್ದ. ತಟ್ಟಿ ಬಿತ್ತು. ಹಿಂದೆ ಗೋಡೆಯುದ್ದಕ್ಕೂ, ಮೊಣಕಾಲೆತ್ತರದ ಮುಳ್ಳುಮರಿಗಳ ಸಾಲು, ಎಲೆಯೆಲ್ಲ ಕೆಂಪಾಗಿ, ನಿಖಾಕ್ಕೆ ಬಂದ ನೆಂಟರ ಹಾಗೆ ನಿಂತಿತ್ತು.

ಬೀದಿಗೆ ಬೀದಿಯೇ ಉಸಿರೆಳೆದುಕೊಂಡಿತು. ಮಿಠಾಯಿ ತಟ್ಟೆಗಳಿಗೆ ಬಗ್ಗದ ಆ ಗಿಡದ ಮರಿಗಳು!

"ಒಲೆ ಕಡೆ ಹೋದ್ವು ಅಂದೆಯಲ್ಲೋ!" ಎಂದು ಜುಮಾ ಕಿಟಕಿಯ ಸರಳು ಹಿಡಿದುಕೊಂಡ.

"ಒಲೆ ಕಡೆಗೇ ಹೋಗಿವೆ. ಒಳಗೆ ಅಂದ್ನಾ?" ಎಂದ ರಜಬ್ ಹಿತ್ತಿಲಿನಿಂದ, ಹೊಟ್ಟೆ ಹಿಡಿದುಕೊಂಡು. "ಮರಿ ತಮ್ಮದು, ತಮ್ಮಿಷ್ಟ ಅಂದ್ಯಲ್ಲ, ನನ್ನಿಷ್ಟ ಹೀಗಿತ್ತು. ಹಾಜಿಯೋರೆ, ಬೀಜ ಇಲ್ಲದ ಗಿಡಕ್ಕೆ ಮಕ್ಕಳಿಲ್ಲ. ಬೇರಿಂದ ಎದ್ದದ್ದು ಅಂದ್ರೆ ಅದೇ ಗಿಡ. ಮಾಳಿಗೆ ಮೇಲೆ ನಾನು ಸುಳ್ಳು ಹೇಳ್ಲಿಲ್ಲ. ಸ್ವಲ್ಪ ಬೇಗ ಹೇಳ್ಬಿಟ್ಟೆ, ಅಷ್ಟೇ."

ಎಲ್ಲರ ಕಣ್ಣೂ ಜುಮಾನ ಮೇಲೆ. ಹಾಜಿ ಕೆಮ್ಮು ಹಿಡಿದುಕೊಂಡು ಕೇಳಿದರು: "ಮರಿಗಳು ಬಹಳ ಚೆನ್ನಾಗಿವೆ. ಯಾರದ್ದು ಕರ್ಬಲಾಯಿ?"

ನೆಂಟರ ಎದುರು, ಮುಲ್ಲಾ ಎದುರು, ಅದೂ ನಿಖಾದ ಹೊತ್ತು. ಇಂಥ ಪ್ರಶ್ನೆಗೆ ಮರ್ಯಾದಸ್ಥ ಮನುಷ್ಯನಿಗೆ ಇರುವುದು ಒಂದೇ ಉತ್ತರ. ಜುಮಾನ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಅವನು ರಜಬನಿಗೆ ಹೇಳಿದ:

"ತಮ್ಮದೇ... ಆಗಾ."

ಈಗ ರಜಬ್ 'ಛೆ ಛೆ, ನಿಮ್ಮದೇ' ಎನ್ನಬೇಕು. ಎಲ್ಲರೂ ಕಾದರು. ಜುಮಾ ಎಲ್ಲರಿಗಿಂತ ಹೆಚ್ಚು ಕಾದ.

"ಇರಲಿ ಇರಲಿ," ಎಂದ ರಜಬ್.

ಆಮೇಲೆ ಎದ್ದ ನಗುವಿಗೆ ಅಂಗಳದ ಮೈನಾಗಳು ಹಾರಿಹೋದವು. ಹಾಜಿ ಬಹಿರಂಗವಾಗಿ ಕೆಮ್ಮಿದರು, ಮಲಿಹೆ ಖಾನುಮ್ ತೂಬಾಳ ಹೆಗಲಿಗೆ ಬಿದ್ದರು, ಕೊನೆಗೆ ಜುಮಾನೂ ತಡೆಯಲಾರದೆ ಟೋಪಿ ತೆಗೆದು ನೆಲಕ್ಕೆ ಬಡಿದು ನಕ್ಕ. ಮುಲ್ಲಾ ಎರಡನೆಯ ಸಲ ಕೇಳಿದ್ದು ಯಾರಿಗೂ ಕೇಳಿಸಲಿಲ್ಲ, ಆದ್ದರಿಂದ ವಧು ಎಲ್ಲಿಗೆ ಹೋಗಿದ್ದಾಳೆಂದು ಯಾರೂ ಹೇಳಲಿಲ್ಲ. ಅವರು ಪುಸ್ತಕ ತಟ್ಟಿ, ದನಿ ಏರಿಸಿ ಮೂರನೆಯ ಸಲ ಕೇಳಿದರು.

ಮಾಹ್ರುಖ್ ಮುಸುಕು ಸರಿಮಾಡಿಕೊಂಡು, ಹುಡುಗಿಯರು ಹೇಳಬೇಕಾದ ಹಾಗೇ ಶುರುಮಾಡಿದಳು: "ಅಪ್ಪನ ಅಪ್ಪಣೆ ಇದ್ರೆ..."

ಎಲ್ಲರೂ ಅಪ್ಪಣೆಗಾಗಿ ಕಿಟಕಿಯ ಕಡೆ ತಿರುಗಿದರು. ಅಪ್ಪ ಹಿತ್ತಿಲಲ್ಲಿ ರೊಟ್ಟಿಯ ಒಲೆಯನ್ನು ತಬ್ಬಿಕೊಂಡು, ಕಣ್ಣೀರು ಸುರಿಸಿಕೊಂಡು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. 'ಹೂಂ' ಎನ್ನಲು ಅವನಿಗೆ ಉಸಿರೇ ಇರಲಿಲ್ಲ.